ಕಾಯುವ ಅಧ್ಯಾಯವನ್ನು ಹಾರಿಸಿ ಓದುವ ನಾವು

ಸಂತ ಜೋಸೆಫ್ ವಾಜ್‌ರ ಚರಿತ್ರೆಯನ್ನು ನೀವು ಹಲವು ಬಾರಿ ಕೇಳಿರುತ್ತೀರಿ. ಜನವರಿ 16ರ ಹಬ್ಬದ ಪ್ರಬೋಧನೆಯಲ್ಲಿ, ವಾರ್ಷಿಕೋತ್ಸವದ ಕಿರುನಾಟಕದಲ್ಲಿ, ಕ್ರೈಸ್ತೋಪದೇಶದ ತರಗತಿಯಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಮುಡಿಪು ಗುಡ್ಡದ ಒರತೆಗಳು, ಕ್ಯಾಂಡಿಯ ಬರಗಾಲದಲ್ಲಿ ಅವರ ಪ್ರಾರ್ಥನೆಗೆ ಸುರಿದ ಮಳೆ, 2015ರ ಜನವರಿ 14ರಂದು ಕೊಲಂಬೊದಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಅವರನ್ನು ಸಂತರೆಂದು ಘೋಷಿಸಿದ್ದು, ಇವೆಲ್ಲ ಮಕ್ಕಳಿಗೂ ಬಾಯಿಪಾಠ. ಆದರೆ ಈ ಕಥನಗಳನ್ನು ವಿಮರ್ಶಕನ ಕಣ್ಣಿನಿಂದ ನೋಡಿದಾಗ ಒಂದು ಕೊರತೆ ಎದ್ದು ಕಾಣುತ್ತದೆ. 1681ರಿಂದ 1684ರವರೆಗೆ ಅವರು ನಮ್ಮ ಕೆನರಾದಲ್ಲಿ ಕಳೆದ ವರ್ಷಗಳು ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತವೆ. ಕುಂದಾಪುರ, ಗಂಗೊಳ್ಳಿ, ಬಸ್ರೂರುಗಳ ಹೆಸರು ಹೇಳಿ ಹೆಮ್ಮೆಪಡುತ್ತೇವೆ. ಕಥೆ ಮಾತ್ರ ಸಮುದ್ರ ದಾಟಿ ಲಂಕೆಗೆ ಹೋಗಿಬಿಡುತ್ತದೆ.

ಇದರಿಂದ ಕಳೆದುಹೋಗುವುದು ಸ್ಥಳೀಯ ಅಭಿಮಾನವಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ದೇವರ ಕರೆಯನ್ನು ಆಲಿಸುವುದೆಂದರೇನು ಎಂಬ ಪಾಠವೇ ಅಲ್ಲಿ ಅಡಗಿದೆ.

ಸಂದರ್ಭವನ್ನು ಗಮನಿಸಿರಿ. 1658ರಲ್ಲಿ ಡಚ್ಚರು ಜಾಫ್ನಾವನ್ನು ವಶಪಡಿಸಿಕೊಂಡ ಮೇಲೆ ಲಂಕೆಯ ಕಥೋಲಿಕರು ಯಾಜಕರಿಲ್ಲದೆ ಉಳಿದರು. ಗೋವೆಯ ಈ ಯುವ ಯಾಜಕರ ಹೃದಯ ಅತ್ತ ತುಡಿಯುತ್ತಿತ್ತು. ಬಯಕೆ ಪವಿತ್ರವಾದದ್ದು, ಅಗತ್ಯ ಕಣ್ಣಮುಂದೆಯೇ ಇತ್ತು. ಆದರೂ ಅವರಿಗೆ ದೊರೆತ ಆಜ್ಞೆ ಬೇರೆ: ಕೆನರಾಕ್ಕೆ ಹೋಗಿ. ನಮ್ಮ ಕಥನಕಾರರು ಇಲ್ಲಿ ‘ಅವರು ತಾಳ್ಮೆಯಿಂದ ಒಪ್ಪಿಕೊಂಡರು’ ಎಂದು ಹೇಳಿ ಮುಂದೆ ಸಾಗುತ್ತಾರೆ. ತಾಳ್ಮೆಯೆಂದರೆ ರೈಲು ನಿಲ್ದಾಣದ ಬೆಂಚಿನ ಮೇಲೆ ಕುಳಿತು ಕಾಯುವುದೇ? ಕೆನರಾ ಅವರಿಗೆ ನಿರೀಕ್ಷಣಾ ಕೊಠಡಿಯಾಗಿರಲಿಲ್ಲ. ಇನ್ನೊಬ್ಬರ ಜಗಳದ ನಡುವೆ ನಿಲ್ಲಬೇಕಾದ ಜಾಗವಾಗಿತ್ತು ಅದು.

ಆ ಜಗಳದ ಸ್ವರೂಪ ತಿಳಿಯದೆ ಅವರ ಸಹನೆಯ ಆಳ ತಿಳಿಯದು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕನು ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನು ಗೆದ್ದುಕೊಂಡಿದ್ದನು. ವಾಜ್ ಬಂದಾಗ ರಾಣಿ ಚೆನ್ನಮ್ಮನ ಆಳ್ವಿಕೆ. ಪೋರ್ಚುಗಲ್ಲಿನ ಅರಸನ ಪೋಷಣಾಧಿಕಾರದ ಹೆಸರಿನಲ್ಲಿ ಗೋವೆಯು ಇಲ್ಲಿನ ಸಭೆ ತನ್ನದೆನ್ನುತ್ತಿತ್ತು. ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದೆ ಕ್ಯಾಸ್ತ್ರೋ ಅದು ತಮ್ಮದೆನ್ನುತ್ತಿದ್ದರು. ಯಾರ ಕೈಯಿಂದ ಸಂಸ್ಕಾರ ಪಡೆಯಬೇಕೆಂದು ತಿಳಿಯದೆ ಜನ ಗೊಂದಲಗೊಂಡಿದ್ದರು. ಎರಡೂ ಕಡೆಯವರು ದೇವರ ಚಿತ್ತವನ್ನೇ ಮುಂದಿಡುತ್ತಿದ್ದರೆಂಬುದು ಸಭೆಯ ಚರಿತ್ರೆಯಲ್ಲಿ ಅಪರೂಪದ ಸಂಗತಿಯೇನಲ್ಲ!

ಗೋವೆಯ ಪ್ರತಿನಿಧಿಯಾಗಿ ಬಂದಿದ್ದ ವಾಜ್ ಒಂದು ಪಕ್ಷ ಹಿಡಿದು ಸುಮ್ಮನಾಗಬಹುದಿತ್ತು. ಹಾಗೆ ಮಾಡಲಿಲ್ಲ. ಕ್ಯಾಸ್ತ್ರೋರೊಡನೆ ಗೌರವದಿಂದ ವ್ಯವಹರಿಸಿ ಸಮಾಧಾನಕ್ಕಾಗಿ ಶ್ರಮಿಸಿದರು. ಜೊತೆಗೆ ಹಾಳುಬಿದ್ದಿದ್ದ ದೇವಾಲಯಗಳನ್ನು ಎತ್ತಿ ನಿಲ್ಲಿಸಿ, ಚದುರಿದ್ದ ಕುಟುಂಬಗಳನ್ನು ಬರಿಗಾಲಲ್ಲಿ ಹುಡುಕಿಕೊಂಡು ಹೋದರು. ಸೇತುವೆಗಳಿಲ್ಲದ ಕಾಲ, ಪಂಚಗಂಗಾವಳಿಯ ಅಳಿವೆಯನ್ನು ಬಲ್ಲ ಕುಂದಾಪುರದವರಿಗೆ, ಸೀತಾ-ಸ್ವರ್ಣಾ ನದಿಗಳ ನಡುವಿನ ಬ್ರಹ್ಮಾವರದವರಿಗೆ, ಬೈಂದೂರಿನ ಹೊಳೆದಂಡೆಯವರಿಗೆ ಆ ದಾರಿ ಎಂತಹುದೆಂದು ವಿವರಿಸಬೇಕಿಲ್ಲ. ಕಡವಿನಲ್ಲಿ ದೋಣಿಗಾಗಿ ನಿಂತ ಯಾಜಕರನ್ನು ನಮ್ಮ ಯಾವ ನಾಟಕವೂ ರಂಗದ ಮೇಲೆ ತಂದದ್ದನ್ನು ನಾನು ಕಂಡಿಲ್ಲ.

ಕಿರುನಾಟಕಗಳ ಬಗ್ಗೆ ನನ್ನ ಇನ್ನೊಂದು ಆಕ್ಷೇಪವಿದೆ. ಅವುಗಳಲ್ಲಿ ದೇವರು ಯಾವಾಗಲೂ ಪರದೆಯ ಹಿಂದಿನಿಂದ, ಧ್ವನಿವರ್ಧಕದಲ್ಲಿ, ಸ್ಪಷ್ಟ ಕನ್ನಡದಲ್ಲಿ ಮಾತನಾಡುತ್ತಾನೆ. ಮನೆಯಲ್ಲಿ ಮಗನ ಕೆಲಸಕ್ಕಾಗಿ, ಮಗಳ ಮದುವೆಗಾಗಿ ವರ್ಷಗಟ್ಟಲೆ ಪ್ರಾರ್ಥಿಸಿ ಯಾವ ಧ್ವನಿಯನ್ನೂ ಕೇಳದ ತಾಯಿಯು ಆ ನಾಟಕವನ್ನು ನೋಡಿ ತನ್ನ ವಿಶ್ವಾಸದಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳುವುದಿಲ್ಲವೇ? ಬೈಬಲಿನಲ್ಲಿ ಬಾಲಕ ಸಮುವೇಲನು ಕೂಡ ಆ ಧ್ವನಿ ಯಾರದೆಂದು ಗುರುತಿಸಲಾರದೆ ಪ್ರತಿ ಸಲವೂ ಮುದುಕ ಏಲಿಯ ಬಳಿಗೆ ಓಡಿದನು. ಮೂರನೆಯ ಸಲ ಏಲಿಗೆ ಅರ್ಥವಾಯಿತು. ಕಣ್ಣು ಮಂಜಾದ ಆ ಮುದುಕನ ನೆರವಿಲ್ಲದೆ ಹುಡುಗನಿಗೆ ಕರೆ ತಿಳಿಯುತ್ತಿರಲಿಲ್ಲ. ವಾಜ್‌ರಿಗೂ ದೇವರ ಚಿತ್ತ ತಿಳಿದದ್ದು ಹಿರಿಯರ ಅಪ್ಪಣೆ, ಜನರ ಸಂಕಟ, ಮುಚ್ಚಿದ ಬಾಗಿಲು, ಇಂಥವುಗಳ ಮೂಲಕ.

1684ರಲ್ಲಿ ಗೋವೆಗೆ ಮರಳಿದಾಗಲೂ ಲಂಕೆಯ ದಾರಿ ತಕ್ಷಣ ತೆರೆಯಲಿಲ್ಲ. 1685ರಲ್ಲಿ ಗೋವೆಯ ಯಾಜಕರ ಪುಟ್ಟ ಬಳಗವನ್ನು ಸೇರಿ ಅದನ್ನು ಒರೆಟರಿ ಸಂಘವಾಗಿ ಕಟ್ಟಿದರು. 1686ರಲ್ಲಿ ಹೊರಟು 1687ರಲ್ಲಿ ಕೂಲಿಯ ವೇಷದಲ್ಲಿ ಲಂಕೆ ತಲುಪಿದರು. ಅಲ್ಲಿ ಕೊರಳಿಗೆ ಜಪಸರ ಹಾಕಿಕೊಂಡು ಮನೆಯಿಂದ ಮನೆಗೆ ಭಿಕ್ಷೆ ಬೇಡುತ್ತ, ಯಾರ ಕಣ್ಣು ಅದರ ಮೇಲೆ ನಿಲ್ಲುತ್ತದೆಂದು ನೋಡುತ್ತ, ಗುಪ್ತ ಕ್ರೈಸ್ತರನ್ನು ಹುಡುಕಿದರು. ಈ ದೃಶ್ಯವನ್ನು ನಾವು ಜಾಣತನವೆಂದು ಹೊಗಳುತ್ತೇವೆ. ನನಗೆ ಅದರಲ್ಲಿ ಕೆನರಾದ ಅಭ್ಯಾಸ ಕಾಣುತ್ತದೆ: ಮಾತನಾಡುವ ಮೊದಲು ಮನೆಯ ಮುಖವನ್ನು ಓದುವ ಅಭ್ಯಾಸ. 1692ರಲ್ಲಿ ಗೂಢಚಾರನೆಂದು ಕ್ಯಾಂಡಿಯಲ್ಲಿ ಸೆರೆಯಾದಾಗ ಅವರು ಸಿಂಹಳ ಭಾಷೆ ಕಲಿತರು. ಮಳೆ ಬಂದದ್ದು ಆಮೇಲೆ.

ಅವರ ಮೊದಲ ದೊಡ್ಡ ಚರಿತ್ರೆಯನ್ನು ಸೆಬಾಸ್ತಿಯಾವ್ ದೊ ರೇಗೊ ಬರೆದರು. ಅದು 1745ರಲ್ಲಿ ಲಿಸ್ಬನ್ನಿನಲ್ಲಿ, ಪೋರ್ಚುಗೀಸಿನಲ್ಲಿ ಅಚ್ಚಾಯಿತು. ಕೆನರಾದ ಮೂರು ವರ್ಷಗಳನ್ನೇ ಕೇಂದ್ರವಾಗಿಟ್ಟು ಕನ್ನಡದಲ್ಲಿ ಒಂದು ಪುಸ್ತಕ ಬರೆಯುವವರಿದ್ದರೆ, ಅವರು ಪವಾಡಗಳಿಂದಲ್ಲ, ಗಂಗೊಳ್ಳಿಯ ಕಡವಿನಿಂದ ಆರಂಭಿಸಲಿ. ಮುಂದಿನ ಜನವರಿಯ ನಾಟಕಕ್ಕೂ ಅದೇ ಮೊದಲ ದೃಶ್ಯವಾಗಬಹುದು, ಧ್ವನಿವರ್ಧಕ ಬೇಕಾಗದು.