ಅರ ಹಿಡಿಯುವ ಮುಂಚೆ

ಅಪ್ಪನ ಆರ್‌ಎಕ್ಸ್ 100 ಬೈಕನ್ನು ಹಾಳು ಮಾಡಿದವನು ನಾನೇ. ಇದನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಈ ಪುಸ್ತಕದ ಬಗ್ಗೆ ನನಗಿರುವ ಪ್ರೀತಿ, ತಕರಾರು ಎರಡೂ ಅಲ್ಲಿಂದಲೇ ಶುರುವಾಗಿದ್ದು.

ಗಾಡಿ ಊರಲ್ಲಿತ್ತು, ತಿಪಟೂರಿನ ಕಡೆ. ಹಾಲಿನ ಕ್ಯಾನು, ತೆಂಗಿನಕಾಯಿ ಮೂಟೆ, ಒಮ್ಮೊಮ್ಮೆ ನಾವು ಮೂವರು, ಎಲ್ಲಾ ಹೊತ್ತಿದೆ. ನಾನು ಅದನ್ನು ದಾಸರಹಳ್ಳಿಗೆ ತಂದು, ಎಂಟನೇ ಮೈಲಿ ಹತ್ತಿರದ ಬಾಡಿಗೆ ಮನೆಯ ಟೆರೇಸಿನಲ್ಲಿ ಬಿಚ್ಚಿದೆ. ಓದಿದ್ದು ಬಿಇ, ಆದರೆ ಮೆಕ್ಯಾನಿಕಲ್ ಅಲ್ಲ. 'ಎಕ್ಸಾಸ್ಟ್ ಪೋರ್ಟ್ ಎರಡು ಮಿಲಿಮೀಟರ್ ಮೇಲಕ್ಕೆ ಉಜ್ಜಿ, ಹಾರುತ್ತೆ' ಅಂತ ಯಾರೋ ಅಂದಿದ್ದರು. ಒಂದು ಭಾನುವಾರ ಉಜ್ಜಿದೆ. ಹಾರಿತು ಕೂಡ. ಹೆದ್ದಾರಿ ಮೇಲೆ, ಕಿವಿ ಕಿತ್ತುಹೋಗೋ ಆರ್‌ಪಿಎಂನಲ್ಲಿ ಮಾತ್ರ. ದೀಪಾವಳಿಗೆ ಊರಿಗೆ ಒಯ್ದಾಗ ಎರಡು ಕ್ಯಾನು ಹಾಲಿಟ್ಟುಕೊಂಡು ಅಪ್ಪ ಕೆರೆ ಏರಿ ಹತ್ತಿಸಲು ಹೋದರು, ಅರ್ಧಕ್ಕೆ ಉಸಿರು ಬಿಟ್ಟಿತು. ಇಳಿದು ತಳ್ಳಿದರು. ಬೈಯಲಿಲ್ಲ. 'ಗಾಡಿಗೆ ವಯಸ್ಸಾಯ್ತು ಬಿಡು' ಅಂದರು.

ಆಮೇಲೆ ಓದಿದ್ದು ಗಾರ್ಡನ್ ಜೆನಿಂಗ್ಸ್‌ನ 'ಟು-ಸ್ಟ್ರೋಕ್ ಟ್ಯೂನರ್ಸ್ ಹ್ಯಾಂಡ್‌ಬುಕ್'. 1973ರಲ್ಲಿ ಬಂದ ಪುಸ್ತಕ. ನನ್ನ ಹತ್ತಿರ ಇರೋದು ಸ್ಪೈರಲ್ ಬೈಂಡ್ ಹಾಕಿಸಿದ ಜೆರಾಕ್ಸು, ಪುಟಪುಟದಲ್ಲೂ ಆಯಿಲ್ ಬೆರಳಚ್ಚು.

ನನಗೆ ಮೊದಲು ಹಿಡಿಸಿದ್ದು ಅದರ ಕ್ರಮ. ಪವರ್ ಹೆಚ್ಚಿಸೋದು ಹೇಗೆ ಅಂತ ಅವನು ಶುರು ಮಾಡೋದಿಲ್ಲ. ಇಂಜಿನ್ ಎಷ್ಟು ತಡೆದುಕೊಳ್ಳುತ್ತೆ ಅನ್ನೋದು ಮೊದಲು. ಪಿಸ್ಟನ್ ವೇಗ ಎಷ್ಟು, ಯಾವ ಹಂತದಲ್ಲಿ ರಿಂಗು ತನ್ನ ಗಾಡಿಯಲ್ಲೇ ಕುಣಿಯತೊಡಗುತ್ತೆ, ಇದೆಲ್ಲ ಮೊದಲ ಅಧ್ಯಾಯದಲ್ಲೇ. ಆರ್‌ಎಕ್ಸ್ 100 ಲೆಕ್ಕ ಹಾಕಿ ನೋಡಿ: ಬೋರ್ 50 ಮಿ.ಮೀ., ಸ್ಟ್ರೋಕ್ 50 ಮಿ.ಮೀ., ಕಂಪನಿ ಹೇಳಿದ 11 ಅಶ್ವಶಕ್ತಿ ಸಿಗೋದು 7500 ಆರ್‌ಪಿಎಂನಲ್ಲಿ. ಆಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 12.5 ಮೀಟರ್. ಅದನ್ನೇ 11,000ಕ್ಕೆ ಎಳೆದರೆ 18 ದಾಟುತ್ತೆ. ನಮ್ಮ ಹುಡುಗರು ಇದನ್ನು ತಿಳಿದುಕೊಳ್ಳೋದು ಪಿಸ್ಟನ್ ಸೀಜ್ ಆದಮೇಲೆ.

ಎರಡನೆಯದು, ಅವನು ಮಿಲಿಮೀಟರನ್ನು ಡಿಗ್ರಿಗೆ ತಿರುಗಿಸೋಕೆ ಕಲಿಸ್ತಾನೆ. 50 ಮಿ.ಮೀ. ಸ್ಟ್ರೋಕಿನ ಇಂಜಿನ್ನಲ್ಲಿ ಎಕ್ಸಾಸ್ಟ್ ಪೋರ್ಟ್ ಒಂದು ಮಿಲಿಮೀಟರ್ ಎತ್ತರಿಸಿದರೆ ಅದು ತೆರೆದಿರುವ ಅವಧಿ ಸುಮಾರು ನಾಲ್ಕೂವರೆ ಡಿಗ್ರಿ ಹೆಚ್ಚುತ್ತೆ. ನಾನು ಉಜ್ಜಿದ್ದು ಎರಡು. ಅಂದರೆ ಒಂಬತ್ತು ಡಿಗ್ರಿ. ಪ್ರೊಡಕ್ಷನ್ ಸರ್ವರಿನಲ್ಲಿ ಟೆಸ್ಟ್ ಮಾಡದೆ ಕೋಡ್ ಹಾಕಿದ ಹಾಗೆ, ಆದರೆ ಇಲ್ಲಿ ರೋಲ್‌ಬ್ಯಾಕ್ ಇಲ್ಲ. ಉಜ್ಜಿದ ಕಬ್ಬಿಣ ವಾಪಸ್ ಬರಲ್ಲ.

ಪುಸ್ತಕದ ಜೀವ ಇರೋದು ಎಕ್ಸ್‌ಪಾನ್ಷನ್ ಚೇಂಬರ್ ಅಧ್ಯಾಯದಲ್ಲಿ. ಮಧ್ಯೆ ಹೊಟ್ಟೆ ಉಬ್ಬಿಸಿಕೊಂಡ ಆ ಸೈಲೆನ್ಸರು ಶೋಕಿಗಲ್ಲ. ಪೋರ್ಟ್ ತೆರೆದಾಗ ಹೊರಡುವ ಒತ್ತಡದ ಅಲೆ, ಅಗಲವಾಗುವ ಕೋನ್‌ನಲ್ಲಿ ಹೀರುವ ಅಲೆಯಾಗಿ ಹಿಂತಿರುಗಿ ಸಿಲಿಂಡರ್ ಖಾಲಿ ಮಾಡುತ್ತೆ. ಮುಂದೆ ಕಿರಿದಾಗುವ ಕೋನ್‌ಗೆ ಬಡಿದು ತಳ್ಳುವ ಅಲೆಯಾಗಿ ಬಂದು, ಹೊರಗೆ ಓಡಿಹೋಗಿದ್ದ ತಾಜಾ ಪೆಟ್ರೋಲ್ ಮಿಶ್ರಣವನ್ನು ಪೋರ್ಟ್ ಮುಚ್ಚುವ ಮುಂಚೆ ಒಳಗೆ ತುರುಕುತ್ತೆ. ಲೆಕ್ಕ ಒಂದೇ ಸಾಲು: ಪೋರ್ಟ್ ತೆರೆದಿರುವ ಡಿಗ್ರಿಯನ್ನು 1700ರಿಂದ ಗುಣಿಸಿ, ಆರ್‌ಪಿಎಂನಿಂದ ಭಾಗಿಸಿ, ಉದ್ದ ಇಂಚಿನಲ್ಲಿ ಸಿಗುತ್ತೆ. 180 ಡಿಗ್ರಿ, 9000 ಆರ್‌ಪಿಎಂ ಅಂದರೆ 34 ಇಂಚು. 7500 ಅಂದರೆ ಸುಮಾರು 41. ಪೀಣ್ಯದಲ್ಲಿ ತಗಡು ಉರುಳಿಸಿ ಕೋನ್ ಮಾಡಿಕೊಡುವವರಿಗೆ ಈ ನಂಬರು ಕೊಟ್ಟರೆ ಸಾಕು, ಮಿಕ್ಕಿದ್ದು ಅವರ ಕೈಚಳಕ.

ಈ ವಿದ್ಯೆ ಒಂದು ಕಾಲಕ್ಕೆ ಗುಟ್ಟು. ಪೂರ್ವ ಜರ್ಮನಿಯ ಎಂಝಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಇದನ್ನು ಪಳಗಿಸಿ, 1961ರ ಹೊತ್ತಿಗೆ 125 ಸಿಸಿಯಲ್ಲಿ 25 ಅಶ್ವಶಕ್ತಿ ತೆಗೆದಿದ್ದ. ಅದೇ ವರ್ಷ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಓಡಿಹೋಗಿ ಗುಟ್ಟನ್ನು ಸುಜುಕಿಗೆ ಒಪ್ಪಿಸಿದ. ಮರುವರ್ಷವೇ ಸುಜುಕಿ 50 ಸಿಸಿ ವಿಶ್ವ ಚಾಂಪಿಯನ್. ಹಾಗೆ ಕದ್ದು ಸಾಗಿಸಿದ ಜ್ಞಾನ ಹನ್ನೆರಡು ವರ್ಷದಲ್ಲಿ ಅಂಗಡಿಯ ಪುಸ್ತಕದಲ್ಲಿತ್ತು. ಜೆನಿಂಗ್ಸ್‌ನ ದೊಡ್ಡ ಕೆಲಸ ಇದು ಅಂತ ನನ್ನ ಲೆಕ್ಕ. ಗುರುವಿನ ಕಾಲು ಹಿಡಿಯಬೇಕಾಗಿಲ್ಲ, ಗುಣಾಕಾರ ಬಂದರೆ ಸಾಕು.

ಇನ್ನು ತಕರಾರು. ಆ 1700 ಅನ್ನೋದು ಬಿಸಿ ಹೊಗೆಯಲ್ಲಿ ಶಬ್ದ ಸೆಕೆಂಡಿಗೆ ಎಷ್ಟು ಅಡಿ ಓಡುತ್ತೆ ಅನ್ನೋ ಅಂದಾಜು. ಹೊಗೆಯ ಬಿಸಿ ಬದಲಾದರೆ ಅದೂ ಬದಲು, ಜೆಟ್ ಸ್ವಲ್ಪ ಚಿಕ್ಕದಾದರೂ ಬದಲು. ಸೂತ್ರ ಕೊಟ್ಟ ಉದ್ದ ಶುರು ಮಾಡೋಕೆ ಅಷ್ಟೆ. ಆಮೇಲೆ ಕತ್ತರಿಸಿ, ವೆಲ್ಡ್ ಮಾಡಿ, ಓಡಿಸಿ ನೋಡಲೇಬೇಕು. ಇದು ಸಣ್ಣ ತಕರಾರು, ಪರ್ಸನಲ್ ಕಂಪ್ಯೂಟರ್ ಇಲ್ಲದ ಕಾಲದ ಪುಸ್ತಕಕ್ಕೆ ಕ್ಷಮೆ ಇದೆ.

ದೊಡ್ಡದು ಬೇರೆ. ಅವನ ಓದುಗ ರೇಸಿನವನು. ರೇಸಿನವನಿಗೆ 4000 ಆರ್‌ಪಿಎಂ ಅನ್ನೋದು ಗೇರ್ ಬದಲಿಸುವಾಗಲೂ ಮುಟ್ಟದ ಜಾಗ. ನಮ್ಮಪ್ಪ ಇಪ್ಪತ್ತು ವರ್ಷ ಬದುಕಿದ್ದೇ ಆ 4000ದ ಕೆಳಗೆ. ಮೇಲೆ ಗಳಿಸಿದ್ದನ್ನು ಕೆಳಗಿನಿಂದ ಕೀಳಬೇಕು ಅಂತ ಪುಸ್ತಕ ಪ್ರಾಮಾಣಿಕವಾಗಿ ಹೇಳುತ್ತೆ, ಆದರೆ ಕಳಕೊಂಡದ್ದರ ಲೆಕ್ಕ ಎಲ್ಲೂ ಬರೆಯಲ್ಲ. ಪಕ್ಕದ ಮನೆಯವರೂ ಪುಸ್ತಕದಲ್ಲಿಲ್ಲ. ನನ್ನ ಚೇಂಬರ್ ಮೊದಲ ಸಲ ಕಿಕ್ ಹೊಡೆದಾಗ ಕೆಳಗಿನ ಮನೆಯ ಮಗು ಎದ್ದು ಅತ್ತಿದ್ದು ಇನ್ನೂ ಕಿವಿಯಲ್ಲಿದೆ. ಅಂಥ ಸೈಲೆನ್ಸರ್ ಹಾಕಿಕೊಂಡು ರಸ್ತೆಗಿಳಿಯೋದು ಕಾನೂನಿಗೂ ವಿರುದ್ಧ. ಅದರ ಜಾಗ ಟ್ರ್ಯಾಕು.

ಈಗ ನನ್ನ ಹತ್ತಿರ ಎರಡು ಇಂಜಿನ್ ಇವೆ. ಗುಜರಿಯಿಂದ ತಂದ ಒಂದರಲ್ಲಿ ನನ್ನ ಪ್ರಯೋಗ. ಅಪ್ಪನ ಗಾಡಿಗೆ, ಯಾರೂ ಅರ ಮುಟ್ಟಿಸದ ಹಳೇ ಸಿಲಿಂಡರ್ ಹುಡುಕೋಕೆ ಎಂಟು ತಿಂಗಳು ಹಿಡಿಯಿತು. 1996ಕ್ಕೇ ನಿಂತುಹೋದ ಗಾಡಿ ನೋಡಿ. ಪೀಣ್ಯದಲ್ಲಿ ಬೋರ್ ಮಾಡಿಸಿ, ಪೋರ್ಟ್ ಹೇಗಿತ್ತೋ ಹಾಗೇ ಬಿಟ್ಟು ಜೋಡಿಸಿದೆ. ಏರಿ ಹತ್ತುತ್ತೆ ಅಂತ ಅಪ್ಪ ಫೋನ್ ಮಾಡಿದ್ದರು. ವಯಸ್ಸಿನ ವಿಚಾರ ಎತ್ತಲಿಲ್ಲ.

ಪುಸ್ತಕ ಸಿಕ್ಕರೆ ನೇರ ಎಕ್ಸಾಸ್ಟ್ ಅಧ್ಯಾಯಕ್ಕೆ ಹಾರಬೇಡಿ, ಎಲ್ಲರೂ ಮಾಡೋದು ಅದನ್ನೇ. ಮೊದಲ ಅಧ್ಯಾಯ ಎರಡು ಸಲ ಓದಿ. ಡಿಗ್ರಿ ಅಳೆಯೋಕೆ ದುಬಾರಿ ಡಿಸ್ಕ್ ಬೇಕಾಗಿಲ್ಲ. ಹಳೇ ಸಿಡಿ ಮೇಲೆ 360 ಡಿಗ್ರಿ ಗುರುತಿನ ಕಾಗದ ಅಂಟಿಸಿ ಕ್ರ್ಯಾಂಕಿಗೆ ಕಚ್ಚಿಸಿ, ಒಂದು ತಂತಿ ಬಗ್ಗಿಸಿ ಮುಳ್ಳು ಮಾಡಿಕೊಳ್ಳಿ. ನನ್ನದು ಈಗಲೂ ಅದೇ.