ಬಾಡಿಗೆ ಚೀಟಿಯಲ್ಲಿ ಬರೆಯದ ಲೆಕ್ಕ

ಹನ್ನೆರಡು ವರ್ಷ ದಮ್ಮಾಮಿನಲ್ಲಿ ದುಡಿದು 2025ರ ಮಾರ್ಚಿನಲ್ಲಿ ಬೆಂಗಳೂರಿಗೆ ಮರಳಿದಾಗ ನಮಗೊಂದು ಧೈರ್ಯವಿತ್ತು. ಇದು ಗೊತ್ತಿರುವ ಊರು. ಶಿವಾಜಿನಗರದ ಬಸ್‌ಸ್ಟ್ಯಾಂಡ್ ಗೊತ್ತು, ಟ್ಯಾನರಿ ರಸ್ತೆಯ ತಿರುವುಗಳು ಗೊತ್ತು, ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆಂಬುದೂ ಗೊತ್ತು. ಕೈಗೆಟುಕುವ ಬಾಡಿಗೆಯ ಬಡಾವಣೆಯೊಂದನ್ನು ವಾರದೊಳಗೆ ಹುಡುಕಿಕೊಳ್ಳುತ್ತೇವೆ ಎಂದುಕೊಂಡಿದ್ದೆವು. ಹುಡುಕಾಟ ಎರಡು ತಿಂಗಳು ನಡೆಯಿತು. ಅದರಲ್ಲಿ ಊರಿನ ತಪ್ಪೆಷ್ಟು, ನಮ್ಮ ತಪ್ಪೆಷ್ಟು ಎಂದು ನೋಡುವುದು ಈ ಬರಹದ ಉದ್ದೇಶ.

ಮೊದಲ ತಪ್ಪು ನಮ್ಮದೇ. ನಾವು ಹುಡುಕುತ್ತಿದ್ದುದು ನೆನಪಿನ ಬೆಂಗಳೂರನ್ನು. 2013ರಲ್ಲಿ ಹೊರಟಾಗ ಮೆಟ್ರೋ ಓಡುತ್ತಿದ್ದುದು ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಮಾತ್ರ. ಈಗ ಮನೆಮಾಲೀಕರು ಹತ್ತಿರದ ನಿಲ್ದಾಣದ ಹೆಸರು ಹೇಳಿ, ಆಮೇಲೆ ಬಾಡಿಗೆ ಹೇಳುತ್ತಾರೆ. ಇನ್ನೂ ಹಳಿ ಹಾಕದ ಕಡೆಯೂ ಬರಲಿರುವ ಮೆಟ್ರೋದ ಹೆಸರಿನಲ್ಲಿ ಬಾಡಿಗೆ ಏರಿದೆ.

‘ಹೊರಗೆ ಹೋಗಿ, ಅಗ್ಗಕ್ಕೆ ಸಿಗುತ್ತದೆ’ ಎಂಬುದು ಬಂಧುಗಳ ಸಲಹೆ. ಹೋದೆವು. ನಗರದ ಅಂಚಿನಲ್ಲಿ ಎರಡು ಕೋಣೆಯ ಮನೆ, ಬಾಡಿಗೆ 15,000. ಒಳಗೆ ಕಾವಲ್ ಬೈರಸಂದ್ರದ ಕಡೆ ಅಷ್ಟೇ ದೊಡ್ಡ ಮನೆಗೆ 20,000. ಮೇಲ್ನೋಟಕ್ಕೆ ತಿಂಗಳಿಗೆ ಐದು ಸಾವಿರ ಉಳಿತಾಯ. ಕಾಗದದ ಮೇಲೆ ಕೂಡಿಸಿ ನೋಡಿದಾಗ ಕಂಡದ್ದು ಬೇರೆ. ಟ್ಯಾಂಕರ್ ನೀರಿನ ಪಾಲು 1,500, ಇಬ್ಬರು ಮಕ್ಕಳ ಶಾಲಾ ವ್ಯಾನಿಗೆ 4,000, ಹೆಚ್ಚುವರಿ ಪೆಟ್ರೋಲಿಗೆ 2,000. ಅಗ್ಗದ ಮನೆ 22,500ಕ್ಕೆ ಬಂದು ನಿಂತಿತು. ದಾರಿಯಲ್ಲಿ ಕಳೆಯುವ ಎರಡು ತಾಸಿಗೆ ನಾವು ಬೆಲೆಯನ್ನೇ ಕಟ್ಟಿರಲಿಲ್ಲ.

ಇದು ನಮ್ಮೊಬ್ಬರ ಅನುಭವವಲ್ಲ. ಸುತ್ತಲಿನ 110 ಹಳ್ಳಿಗಳು ಮಹಾನಗರ ಪಾಲಿಕೆಗೆ ಸೇರಿದ್ದು 2007ರಲ್ಲಿ. ಅವುಗಳಿಗಾಗಿ ರೂಪಿಸಿದ ಕಾವೇರಿ ಐದನೇ ಹಂತ ಚಾಲನೆಯಾದದ್ದು 2024ರ ಅಕ್ಟೋಬರಿನಲ್ಲಿ. ಊರೆಂದು ಕರೆಸಿಕೊಂಡವರು ನದಿ ನೀರಿಗಾಗಿ ಕಾದದ್ದು ಹದಿನೇಳು ವರ್ಷ. ಆ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಟ್ಯಾಂಕರಿನವನು ಹೇಳಿದ್ದೇ ದರ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ ಎಂಬುದು ಒಳ್ಳೆಯ ಮಾತು. ಆದರೆ ಬಸ್ಸು ಬಾರದ ಬೀದಿಯಲ್ಲಿ ಆ ಉಪಕಾರ ಆಟೋದವನ ಜೇಬು ಸೇರುತ್ತದೆ. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಪದ್ಧತಿಯೂ ಪೂರ್ತಿ ಹೋಗಿಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಠೇವಣಿ ಸಾಕೆನ್ನುತ್ತದೆ. ಆದರೆ ಅದು ರಾಜ್ಯಗಳ ಮುಂದಿಟ್ಟ ಮಾದರಿ ಮಾತ್ರ.

ಇಲ್ಲಿಯವರೆಗಿನದು ಎಲ್ಲರ ಕಷ್ಟ. ಮುಂದಿನದು ಹೆಸರು ಹೇಳಿದ ಮೇಲೆ ಶುರುವಾಗುವ ಕಷ್ಟ. ಫೋನಿನಲ್ಲಿ ಖಾಲಿ ಇದ್ದ ಮನೆ ಹೆಸರು ಕೇಳಿದ ಕೂಡಲೇ ‘ಈಗಷ್ಟೇ ಕೊಟ್ಟುಬಿಟ್ಟೆವಲ್ಲ’ ಎಂದಾಗುತ್ತಿತ್ತು. ಕೆಲವರು ಸಸ್ಯಾಹಾರಿಗಳಿಗೆ ಮಾತ್ರ ಎಂದರು. ಒಬ್ಬರು ಬಹಳ ಸಂಕೋಚದಿಂದ, ‘ನಮಗೇನೂ ಇಲ್ಲ ಸಾರ್, ಅಕ್ಕಪಕ್ಕದವರು ಒಪ್ಪಲ್ಲ’ ಎಂದರು. ಮೈಸೂರಿನ ಎಂ.ಎಸ್. ಸತ್ಯು ಅವರ ‘ಗರಂ ಹವಾ’ ಚಿತ್ರದಲ್ಲಿ ಸಲೀಂ ಮಿರ್ಜಾ ತಾನು ಹುಟ್ಟಿ ಬೆಳೆದ ಆಗ್ರಾದಲ್ಲಿ ಬಾಡಿಗೆ ಮನೆಗಾಗಿ ಅಲೆಯುತ್ತಾನೆ. ಹೆಸರು ಕೇಳಿ ಬಾಗಿಲು ಮುಚ್ಚಿಕೊಳ್ಳುತ್ತವೆ. ಅದನ್ನು ನಾವು ದೇಶವಿಭಜನೆಯ ಕತೆಯೆಂದು ನೋಡಿದ್ದೆವು. ಪರಿಚಿತ ಊರು ಅಪರಿಚಿತವಾಗಲು ವಿಭಜನೆಯೇ ಆಗಬೇಕಿಲ್ಲ ಎಂದು ಈಗ ತಿಳಿಯಿತು. ಮುಸ್ಲಿಮರಿಗೆ ಬಾಡಿಗೆ ಮನೆ ಸಿಗುವುದು ಕಷ್ಟವೆಂದು ಸಾಚಾರ್ ಸಮಿತಿ 2006ರಲ್ಲೇ ದಾಖಲಿಸಿದೆ.

ಇದರ ಪರಿಣಾಮ ಮತ್ತೆ ಬಾಡಿಗೆಯ ಮೇಲೆಯೇ. ಹತ್ತು ಕಡೆ ಬಾಗಿಲು ಮುಚ್ಚಿದವರು ಮೂರು ಕಡೆ ಕಿಕ್ಕಿರಿಯುತ್ತಾರೆ. ಅಲ್ಲಿ ಬಾಡಿಗೆ ಏರುವುದು ಸೌಕರ್ಯದಿಂದಲ್ಲ, ಬೇರೆ ದಾರಿಯಿಲ್ಲದ್ದರಿಂದ. ‘ನಮ್ಮವರ ಏರಿಯಾ, ಅಗ್ಗ’ ಎಂಬ ಮಾತಿನ ಎರಡನೇ ಭಾಗ ಸುಳ್ಳು. ಮೊದಲನೇ ಭಾಗದ ನೆಮ್ಮದಿಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಸೀದಿ ಹತ್ತಿರವಿರಬೇಕು, ಬಕ್ರೀದಿನ ದಿನ ಯಾರಿಗೂ ಸಮಜಾಯಿಷಿ ಕೊಡಬೇಕಾಗಬಾರದು ಎಂದು ಬಯಸುವುದು ತಪ್ಪಲ್ಲ. ಆದರೆ ಆ ಬಯಕೆಯಿಂದ ಅಲ್ಲಿಗೆ ಹೋಗುವುದು ಬೇರೆ, ಬೇರೆಲ್ಲೂ ಸೇರಿಸದ್ದರಿಂದ ಹೋಗುವುದು ಬೇರೆ.

ಇಷ್ಟನ್ನೇ ಹೇಳಿ ಮುಗಿಸಿದರೆ ಬರಹ ಅರ್ಧ ಸತ್ಯವಾಗುತ್ತದೆ. ದಾವಣಗೆರೆಯಲ್ಲಿರುವ ನಮ್ಮ ಮನೆಯ ಮೇಲಂತಸ್ತು ಕಳೆದ ಜನವರಿಯಿಂದ ಖಾಲಿ ಬಿದ್ದಿತ್ತು. ‘ನಮ್ಮವರಿಗೇ ಕೊಡು’ ಎಂದು ತಮ್ಮನಿಗೆ ದಮ್ಮಾಮಿನಿಂದಲೇ ಹೇಳಿಟ್ಟಿದ್ದೆವು. ಬೆಂಗಳೂರಿನಲ್ಲಿ ನಾಲ್ಕನೇ ಬಾಗಿಲು ಮುಚ್ಚಿದ ಸಂಜೆ ಅವನಿಗೆ ಫೋನು ಮಾಡಿ ದುಃಖ ತೋಡಿಕೊಂಡೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಣ್ಣ, ಹೋದ ವಾರ ಒಬ್ಬ ದಲಿತ ಮೇಷ್ಟರು ಹೆಂಡತಿ ಮಕ್ಕಳೊಂದಿಗೆ ಬಂದು ಮನೆ ನೋಡಿದರು. ನೀವು ಹೇಳಿದ್ದಿರಲ್ಲ, ಅದಕ್ಕೇ ಯಾರಿಗೋ ಮಾತು ಕೊಟ್ಟಾಗಿದೆ ಅಂತ ಕಳಿಸಿದೆ’ ಎಂದ.

ನಾವು ಬೆಂಗಳೂರಿನಲ್ಲಿ ಕೇಳಿಸಿಕೊಂಡದ್ದು ಅದೇ ಮಾತು. ಮೇಷ್ಟರನ್ನು ಹುಡುಕಿ ಕೇಳು ಎಂದೆವು. ಅವರು ಆಗಲೇ ಬೇರೆ ಮನೆ ಹಿಡಿದಿದ್ದರು.

ಕಡೆಗೆ ಕಾವಲ್ ಬೈರಸಂದ್ರದ ಮನೆಯಲ್ಲೇ ನೆಲೆಸಿದೆವು. ಮರಳಿ ಬರುವವರಿಗೆ ಹೇಳಬಹುದಾದದ್ದು ಇಷ್ಟೇ. ಬೀದಿಯನ್ನು ಭಾನುವಾರ ನೋಡಬೇಡಿ, ಸೋಮವಾರ ಬೆಳಿಗ್ಗೆ ಎಂಟಕ್ಕೆ ನೋಡಿ. ಏಪ್ರಿಲ್‌ನಲ್ಲಿ ಸಂಪಿಗೆ ನೀರು ಎಲ್ಲಿಂದ ಬರುತ್ತದೆಂದು ಮಾಲೀಕರನ್ನಲ್ಲ, ಪಕ್ಕದ ಮನೆಯ ಬಾಡಿಗೆದಾರರನ್ನು ಕೇಳಿ. ವ್ಯಾನು, ಟ್ಯಾಂಕರು, ಪೆಟ್ರೋಲು ಸೇರಿಸಿ ಕೂಡಿದ ಮೇಲೆ ಅಗ್ಗವೋ ಅಲ್ಲವೋ ಹೇಳಿ. ಮತ್ತು ನಿಮ್ಮದೇ ಮನೆಯೊಂದು ಖಾಲಿಯಿದ್ದರೆ ಅದಕ್ಕೆ ನೀವು ಹಾಕಿದ ಷರತ್ತನ್ನೊಮ್ಮೆ ನೆನಪಿಸಿಕೊಳ್ಳಿ. ದಾವಣಗೆರೆಯ ಗೇಟಿನ ಮೇಲೆ ಈಗ ‘ಬಾಡಿಗೆಗಿದೆ’ ಎಂಬ ಬೋರ್ಡಿದೆ. ಯಾರು ಬಂದರೂ ಬಾಡಿಗೆ ಎಷ್ಟೆಂದು ಮಾತ್ರ ಹೇಳು ಎಂದು ತಮ್ಮನಿಗೆ ತಿಳಿಸಿದ್ದೇವೆ.