ಸೇಬಿನ ಕಥೆಯಲ್ಲಿ ಬಿಟ್ಟುಹೋದವರು

ಗುರುತ್ವಾಕರ್ಷಣೆಯ ಬಗ್ಗೆ ನಾವು ಓದುವ ಜನಪ್ರಿಯ ಬರಹಗಳಲ್ಲಿ ಸಾಮಾನ್ಯವಾಗಿ ಎರಡೇ ಪಾತ್ರಗಳು. ಸೇಬು ಬೀಳುವುದನ್ನು ಕಂಡ ನ್ಯೂಟನ್, ಕೂದಲು ಕೆದರಿದ ಐನ್‌ಸ್ಟೈನ್. ಮೊದಲಿನವನು ಹೇಳಿದ್ದನ್ನು ಎರಡನೆಯವನು ಒಬ್ಬನೇ ಕೂತು ಬದಲಿಸಿಬಿಟ್ಟ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಹೀಗೆ ಹೇಳುವ ರೀತಿಯ ಬಗ್ಗೆಯೇ ನನ್ನ ತಕರಾರು.

ನಮ್ಮ ಕಡೆಯ ಕೌದಿಯನ್ನು ನೋಡಿ. ಅಜ್ಜಿಯ ಸೀರೆ, ಅಪ್ಪನ ಧೋತರ, ಮಗಳ ಲಂಗ ಎಲ್ಲ ಕೂಡಿ ಒಂದು ಕೌದಿಯಾಗುತ್ತದೆ. ಐನ್‌ಸ್ಟೈನನ ಸಿದ್ಧಾಂತವೂ ಹಾಗೆಯೇ ಆದದ್ದು. ಗಾಳಿಯ ಅಡ್ಡಿ ಇಲ್ಲದಿದ್ದರೆ ಭಾರವಾದದ್ದೂ ಹಗುರವಾದದ್ದೂ ಒಟ್ಟಿಗೇ ಬೀಳುತ್ತವೆ ಎಂದವನು ಗೆಲಿಲಿಯೊ. ಸೂರ್ಯ ಅಷ್ಟು ದೂರದಿಂದ ಭೂಮಿಯನ್ನು ಹೇಗೆ ಸೆಳೆಯುತ್ತಾನೆ ಎಂಬುದಕ್ಕೆ ನ್ಯೂಟನ್ನನ 1687ರ ಗ್ರಂಥದಲ್ಲಿ ಉತ್ತರವಿರಲಿಲ್ಲ. ವಿದ್ಯುತ್ತು, ಅಯಸ್ಕಾಂತಗಳ ವಿಷಯದಲ್ಲಿ ನಡುವಿನ ಬಯಲೇ ಕೆಲಸ ಮಾಡುತ್ತದೆ ಎಂಬ ವಿಚಾರ ಫ್ಯಾರಡೆ, ಮ್ಯಾಕ್ಸ್‌ವೆಲ್‌ರಿಂದ ಬಂತು. ಬೀಳುತ್ತಿರುವವನಿಗೆ ತನ್ನ ಭಾರ ತಿಳಿಯುವುದಿಲ್ಲ ಎಂದು ಐನ್‌ಸ್ಟೈನನಿಗೆ ಹೊಳೆದದ್ದು 1907ರಲ್ಲಿ. ಹೊಳೆದದ್ದನ್ನು ಬರೆಯಲು ಬಾಗಿದ ಜಾಗದ ಗಣಿತ ಬೇಕಿತ್ತು. ಅದಕ್ಕೆ ರೀಮಾನ್ 1854ರಲ್ಲೇ ಅಡಿಪಾಯ ಹಾಕಿದ್ದ. 1912ರಲ್ಲಿ ಅದರ ದಾರಿ ತೋರಿಸಿದವನು ಗೆಳೆಯ ಗ್ರಾಸ್‌ಮನ್. 1915ರ ನವೆಂಬರಿನಲ್ಲಿ ಸಿದ್ಧಾಂತ ಪೂರ್ತಿಯಾಯಿತು. ಹಾಗೆಂದು ಐನ್‌ಸ್ಟೈನನ ಹಿರಿಮೆ ಕಡಿಮೆಯಾಗದು. ಯಾವ ತುಂಡು ಎಲ್ಲಿ ಕೂಡಬೇಕೆಂದು ಎಂಟು ವರ್ಷ ಪಟ್ಟು ಬಿಡದೆ ಹುಡುಕಿದವನು ಅವನೇ.

ಈ ಕೌದಿಯಲ್ಲಿ ಹೆಂಗಸರ ಹೊಲಿಗೆಯೂ ಇದೆ. ನ್ಯೂಟನ್ನನ ಗ್ರಂಥವನ್ನು ಫ್ರೆಂಚಿಗೆ ತಂದವಳು ಎಮಿಲಿ ದು ಶಾತ್ಲೆ. 1749ರಲ್ಲಿ ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡಳು. ಅನುವಾದ ಪೂರ್ತಿಯಾಗಿ ಅಚ್ಚಾದದ್ದು 1759ರಲ್ಲಿ. ಐನ್‌ಸ್ಟೈನನ ಸಿದ್ಧಾಂತದಲ್ಲಿ ಶಕ್ತಿಯ ಲೆಕ್ಕ ಕೂಡದೆ ಪಂಡಿತರು ತಡವರಿಸಿದಾಗ, 1918ರಲ್ಲಿ ಅದರ ಗಂಟು ಬಿಡಿಸಿದವಳು ಎಮ್ಮಿ ನೋತರ್. ಆಗ ಆಕೆ ಗಾಟಿಂಗನ್ ವಿಶ್ವವಿದ್ಯಾಲಯದಲ್ಲಿ ಸಂಬಳವಿಲ್ಲದೆ, ಹಿಲ್ಬರ್ಟ್ ಎಂಬ ಗಂಡಸಿನ ಹೆಸರಿನಲ್ಲಿ ಪಾಠ ಹೇಳುತ್ತಿದ್ದಳು!

ಕಥೆಯಿಂದ ಇವರನ್ನು ಬಿಟ್ಟರೆ ಏನಾಗುತ್ತದೆ? ಸೂರ್ಯನ ಬಳಿ ಬೆಳಕು ಬಾಗುವುದನ್ನು ಅಳೆಯಲು 1919ರಲ್ಲಿ ವಿಜ್ಞಾನಿಗಳು ಹಡಗು ಹತ್ತಿ ಬ್ರೆಜಿಲ್ಲಿಗೂ ಆಫ್ರಿಕಾದ ಪಕ್ಕದ ದ್ವೀಪಕ್ಕೂ ಹೋದರು. ಅವರು ಹುಡುಕಿಕೊಂಡು ಹೋದದ್ದು ಖಗ್ರಾಸ ಗ್ರಹಣವನ್ನು. ಅಂಥದೇ ಗ್ರಹಣ 1980ರ ಫೆಬ್ರವರಿ 16ರ ಮಧ್ಯಾಹ್ನ ರಾಯಚೂರು, ದೇವದುರ್ಗ, ಮಾನ್ವಿಯ ನೆತ್ತಿಯ ಮೇಲೇ ಬಂತು. ಎರಡು ನಿಮಿಷದ ಮೇಲೆ ಹಗಲೇ ಕತ್ತಲಾಯಿತು. ನಾವೋ ಕದ ಹಾಕಿಕೊಂಡು, ಬಸುರಿಯರನ್ನು ಒಳಕೋಣೆಯಲ್ಲಿ ಕೂಡಿಸಿ, ಬಿಟ್ಟ ಮೇಲೆ ತಲೆಸ್ನಾನ ಮಾಡಿದೆವು. ಆಕಾಶದ ಲೆಕ್ಕ ನಮಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ಅಷ್ಟು ಆಳಕ್ಕೆ ಇಳಿದಿತ್ತು.

ಕಪ್ಪುಕುಳಿಯನ್ನು ಕದಲಿಸಿದರೆ ಅದು ಗಂಟೆಯಂತೆ ಮಿಡಿದು ಅಡಗುತ್ತದೆ ಎಂದು 1970ರಲ್ಲಿ ಲೆಕ್ಕಹಾಕಿ ತೋರಿಸಿದವರು ಬೆಂಗಳೂರಿನವರೇ ಆದ ಸಿ. ವಿ. ವಿಶ್ವೇಶ್ವರ. ಕಪ್ಪುಕುಳಿಗಳೆರಡು ಕೂಡಿಕೊಂಡಾಗ ಎದ್ದ ಅಲೆ 2015ರಲ್ಲಿ ಅಮೆರಿಕದ ಯಂತ್ರಗಳಿಗೆ ಸಿಕ್ಕಿತು. ಅಂದರೆ ಹೊಲಿಗೆ ಇನ್ನೂ ಮುಗಿದಿಲ್ಲ. ಪಿಯುಸಿಯಲ್ಲಿ ಸೈನ್ಸ್ ತಗೊಳ್ಳಲೋ ಬೇಡವೋ ಎಂದು ಅಳುಕುವ ಮಾನ್ವಿಯ ಹುಡುಗಿಗೆ ಸೇಬಿನ ಕಥೆಗಿಂತ ಈ ಮಾತು ಮೊದಲು ಮುಟ್ಟಬೇಕು.